ಕೆಲಸಕ್ಕೊಂದು ಪೆನ್ನು: ಬರೆಯುವ ಕೈಗೆ 14 ಸೂತ್ರಗಳು

ಇಂಡಿಯ ಅಡತಿ ಅಂಗಡಿಯಲ್ಲಿ ಲಿಂಬೆ ಚೀಲದ ಲೆಕ್ಕ ಹಿಡಿಯುವ ಗುಮಾಸ್ತ, ಸಿಂದಗಿಯ ಗ್ರಂಥಾಲಯದಲ್ಲಿ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುವ ಹುಡುಗಿ, ಮುದ್ದೇಬಿಹಾಳದ ಕಿರಾಣಿ ಅಂಗಡಿಯ ಯಜಮಾನರು, ಬಸವನ ಬಾಗೇವಾಡಿಯಲ್ಲಿ ಮಗನನ್ನು ನವೋದಯ ಪರೀಕ್ಷೆಗೆ ತಯಾರು ಮಾಡುತ್ತಿರುವ ತಾಯಿ. ಈ ನಾಲ್ವರಿಗೂ ದಿನ ಬೆಳಗಾದರೆ ಪೆನ್ನು ಬೇಕು. ಆದರೆ ನಾಲ್ವರಿಗೂ ಒಂದೇ ಪೆನ್ನು ಸಾಲದು. ಐದು ಹತ್ತು ರೂಪಾಯಿಯ ಸಾಮಾನು ಎಂದು ನಾವು ಅದನ್ನು ನೋಡದೆ ಕೊಳ್ಳುತ್ತೇವೆ, ಸಿಕ್ಕಿದ್ದರಲ್ಲಿ ಬರೆಯುತ್ತೇವೆ. ಚೆಕ್ಕು ತಿರುಗಿ ಬಂದಾಗ, ಬಿಲ್ಲಿನ ಎರಡನೇ ಪ್ರತಿ ಓದಲು ಬಾರದಾದಾಗ, ಉತ್ತರ ಗೊತ್ತಿದ್ದೂ ಅಂಕ ಹೋದಾಗ ಅದರ ಬೆಲೆ ತಿಳಿಯುತ್ತದೆ. ಕೆಲಸ ಯಾವುದು ಎಂದು ಮೊದಲು ನೋಡಿ, ಅದಕ್ಕೆ ತಕ್ಕ ಪೆನ್ನು ಹಿಡಿದರೆ ಈ ನಷ್ಟಗಳಲ್ಲಿ ಬಹುಪಾಲು ತಪ್ಪುತ್ತದೆ.

1. ಕಾಗದ ನೋಡಿ ಪೆನ್ನು ಕೊಳ್ಳಿ.

ಬಾಲ್ ಪೆನ್ನಿನ ಮಸಿ ಎಣ್ಣೆಯ ಅಂಶದ್ದು, ಮಂದ. ಕಾಗದದ ಮೇಲೆಯೇ ನಿಲ್ಲುತ್ತದೆ, ಬೇಗ ಒಣಗುತ್ತದೆ. ಜೆಲ್ ಪೆನ್ನಿನದು ನೀರಿನ ಅಂಶದ ಮಸಿ. ಬಣ್ಣ ಅಚ್ಚುಕಟ್ಟು, ಒತ್ತಿ ಬರೆಯುವ ಶ್ರಮವಿಲ್ಲ, ಆದರೆ ಒಣಗುವ ಮುನ್ನ ಕೈ ತಾಗಿದರೆ ಹರಡುತ್ತದೆ. ಶಾಯಿ ಪೆನ್ನಿನದು ಇನ್ನೂ ತೆಳು. ಅಗ್ಗದ ನೋಟ್‌ಬುಕ್ಕಿನಲ್ಲಿ ಹಾಳೆಯ ಹಿಂಬದಿಗೂ ಇಳಿದುಬಿಡುತ್ತದೆ. ಹಾಳೆಯ ಎರಡೂ ಬದಿ ಬರೆಯುವ ವಿದ್ಯಾರ್ಥಿಗೆ ಬಾಲ್ ಪೆನ್ನು, ದಪ್ಪ ಹಾಳೆಯ ಡೈರಿಗೆ ಜೆಲ್ ಅಥವಾ ಶಾಯಿ ಪೆನ್ನು, ಗಾಜು, ತಗಡು, ಪ್ಲಾಸ್ಟಿಕ್‌ಗೆ ಮಾರ್ಕರ್. ಅಂಗಡಿಯವರು ಮುಂದೆ ಚಾಚುವ ಚೀಟಿಯ ಮೇಲೆ ಗೀಚಿ ನೋಡಿದರೆ ಏನೂ ತಿಳಿಯದು. ನಿಮ್ಮದೇ ವಹಿ ಒಯ್ದು, ಅದರ ಕೊನೆಯ ಪುಟದಲ್ಲಿ ಎರಡು ಸಾಲು ಬರೆದು ನೋಡಿ.

2. ಕಾರ್ಬನ್ ಹಾಳೆ ಇದ್ದಲ್ಲಿ ಬಾಲ್ ಪೆನ್ನು ಬಿಟ್ಟು ಬೇರೆ ಮುಟ್ಟಬೇಡಿ.

ಅಡತಿ ಅಂಗಡಿಯ ಪಟ್ಟಿ, ಕಿರಾಣಿಯ ಬಿಲ್ ಪುಸ್ತಕ, ಲಾರಿಯ ಬಿಲ್ಟಿ ಇವೆಲ್ಲ ಎರಡು ಮೂರು ಪ್ರತಿಯ ಕೆಲಸ. ಕೆಳಗಿನ ಪ್ರತಿ ಮೂಡುವುದು ಮಸಿಯಿಂದಲ್ಲ, ಒತ್ತಿನಿಂದ. ಜೆಲ್ ಪೆನ್ನನ್ನು ಅಷ್ಟು ಒತ್ತಿದರೆ ಅದರ ಮೊನೆಯೇ ಹಾಳಾಗುತ್ತದೆ. ರೈತನ ಕೈಗೆ ಹೋಗುವುದು ಸಾಮಾನ್ಯವಾಗಿ ಪ್ರತಿಗಳಲ್ಲಿ ಒಂದು. ತೂಕ, ದರ, ಹಮಾಲಿ, ಉಳಿದ ಬಾಕಿ ಎಲ್ಲವೂ ಅದರಲ್ಲಿ ಸ್ಪಷ್ಟವಾಗಿ ಓದಲು ಬರಬೇಕು. ಬಿಲ್ ಪುಸ್ತಕದ ಕೆಳಗೆ ಗಟ್ಟಿ ರಟ್ಟು ಇಟ್ಟುಕೊಳ್ಳಿ. ಪಟ್ಟಿ ಪಡೆಯುವ ರೈತರೂ ಅಂಗಡಿ ಬಿಡುವ ಮುನ್ನ ತಮ್ಮ ಪ್ರತಿಯನ್ನು ಬೆಳಕಿಗೆ ಹಿಡಿದು ಓದಲಿ. ಮೂಡದಿದ್ದರೆ ಅಲ್ಲೇ ಮತ್ತೆ ಬರೆಸಿಕೊಳ್ಳಲಿ. ಅದು ಅವರ ಹಕ್ಕು.

3. ಕನ್ನಡ ಬರೆಯುವ ಕೈಗೆ ಸಣ್ಣ ಮೊನೆ.

ಪೆನ್ನು ಕೊಳ್ಳುವಾಗ ಬಣ್ಣ ನೋಡುತ್ತೇವೆ, ಮೊನೆಯ ಅಳತೆ ನೋಡುವುದಿಲ್ಲ. ಪೆನ್ನಿನ ಮೈಮೇಲೆ ಅಥವಾ ಪೊಟ್ಟಣದ ಮೇಲೆ 0.5, 0.6, 0.7, 1.0 ಎಂದು ಮಿಲಿಮೀಟರ್ ಲೆಕ್ಕ ಅಚ್ಚಾಗಿರುತ್ತದೆ. ಇಂಗ್ಲಿಷಿಗೆ 1.0 ನಡೆದೀತು. ಕನ್ನಡದ ಮಾತು ಬೇರೆ. ನಮ್ಮ ಅಕ್ಷರದ ಜೀವ ಸಣ್ಣ ಸಂದುಗಳಲ್ಲಿದೆ: ‘ದ’ದ ಹೊಟ್ಟೆ ಸೀಳಿದರೆ ‘ಧ’, ‘ಡ’ದ ಹೊಟ್ಟೆ ಸೀಳಿದರೆ ‘ಢ’, ‘ಬ’ದ ಹೊಟ್ಟೆ ಸೀಳಿದರೆ ‘ಭ’. ದಪ್ಪ ಮೊನೆಯಲ್ಲಿ ಆ ಸೀಳು ಮಸಿಯಿಂದ ಮುಚ್ಚಿಹೋಗುತ್ತದೆ. ಮಗು ಸರಿಯಾಗಿಯೇ ಬರೆದಿರುತ್ತದೆ, ಮೌಲ್ಯಮಾಪಕರ ಕಣ್ಣಿಗೆ ಅದು ತಪ್ಪಾಗಿ ಕಾಣುತ್ತದೆ. ಒತ್ತಕ್ಷರದ ಕಷ್ಟ ಇನ್ನೊಂದು. ‘ರಾಷ್ಟ್ರ’, ‘ಸ್ತ್ರೀ’ ಬರೆದಾಗ ಗೆರೆಯ ಕೆಳಗೆ ಎರಡು ಒತ್ತು ಇಳಿಯಬೇಕು. ದಪ್ಪ ಪೆನ್ನಿನಲ್ಲಿ ಅವು ಮುಂದಿನ ಸಾಲಿನ ತಲೆಕಟ್ಟಿಗೆ ತಾಗುತ್ತವೆ.

ಅದಕ್ಕೆ 0.5ರಿಂದ 0.7ರ ಒಳಗಿನ ಮೊನೆ ಆರಿಸಿ. ಲಿಂಕ್ ಪೆಂಟಾನಿಕ್, ಸೆಲ್ಲೊ, ಹೌಸರ್, ಬಿಳಿ ಮೈ ನೀಲಿ ಟೋಪಿಯ ಹಳೇ ರೆನಾಲ್ಡ್ಸ್ 045, ಇವೆಲ್ಲ ನಮ್ಮ ತಾಲ್ಲೂಕುಗಳ ಪುಸ್ತಕದಂಗಡಿಗಳಲ್ಲಿ ಸಿಗುವಂಥವೇ. ಹೆಸರಿಗಿಂತ ಪರೀಕ್ಷೆ ಮುಖ್ಯ. ‘ವಿದ್ಯಾಭ್ಯಾಸ’, ‘ಧಾರವಾಡ’, ‘ರಾಷ್ಟ್ರಕೂಟ’ ಎಂದು ಸಣ್ಣ ಅಕ್ಷರದಲ್ಲಿ ಬರೆಯಿರಿ. ಸೀಳು ತೆರೆದಿದ್ದು ಒತ್ತು ಬಿಡಿಬಿಡಿಯಾಗಿ ನಿಂತರೆ ಆ ಪೆನ್ನು ನಿಮ್ಮದು.

4. ಗುಂಡು ತುಂಬುವ ಪರೀಕ್ಷೆಗೆ ತಿಂಗಳುಗಳ ಮೊದಲೇ ಪೆನ್ನು ಬದಲಿಸಿ.

ಆಲಮಟ್ಟಿಯ ಜವಾಹರ ನವೋದಯ ವಿದ್ಯಾಲಯದ ಆರನೇ ತರಗತಿಗೆ ಸೀಟು ಸಿಗಲಿ ಎಂದು ಬಾಗೇವಾಡಿ, ಮುದ್ದೇಬಿಹಾಳ ಕಡೆಯ ಎಷ್ಟೋ ಮನೆಗಳು ವರ್ಷವಿಡೀ ದುಡಿಯುತ್ತವೆ. ಪರೀಕ್ಷೆ ಎರಡು ತಾಸು, 80 ಪ್ರಶ್ನೆ, 100 ಅಂಕ. ಉತ್ತರವನ್ನು ಒಎಂಆರ್ ಹಾಳೆಯಲ್ಲಿ ನೀಲಿ ಅಥವಾ ಕಪ್ಪು ಬಾಲ್ ಪೆನ್ನಿನಿಂದ ತುಂಬಬೇಕು, ಪೆನ್ಸಿಲ್ ನಡೆಯದು. ಐದನೇ ತರಗತಿಯ ಮಗುವಿನ ಕೈ ಮೊನ್ನೆ ಮೊನ್ನೆಯವರೆಗೆ ಪೆನ್ಸಿಲ್ ಹಿಡಿದದ್ದು. ತಪ್ಪಿದರೆ ರಬ್ಬರ್ ಇದೆ ಎಂಬ ಧೈರ್ಯದಲ್ಲಿ ಬೆಳೆದದ್ದು. ಪರೀಕ್ಷೆಯ ದಿನ ಮೊದಲ ಸಲ ಅಳಿಸಲಾಗದ ಪೆನ್ನು ಕೊಟ್ಟರೆ ಮಗು ಹೆದರುತ್ತದೆ, ಗುಂಡಿನ ಗೆರೆ ದಾಟುತ್ತದೆ, ತಪ್ಪಾದಾಗ ಉಗುರಿನಿಂದ ಕೆರೆಯಲು ನೋಡುತ್ತದೆ.

ಪರೀಕ್ಷೆಗೆ ಮೂರ್ನಾಲ್ಕು ತಿಂಗಳು ಇರುವಾಗಲೇ ಬಾಲ್ ಪೆನ್ನು ಕೈಗೆ ಕೊಡಿ. ಗುಂಡನ್ನು ಅಂಚಿನಿಂದ ಶುರುಮಾಡಿ ಒಳಕ್ಕೆ ಸುತ್ತಿ ತುಂಬಿಸಿ. ನಡುವಿನಿಂದ ಗೀಚಿದರೆ ಗೆರೆ ದಾಟುತ್ತದೆ. ಜೆಲ್ ಪೆನ್ನು ಬೇಡ. ಅದರ ಹಸಿ ಮಸಿ ಮಗುವಿನ ಅಂಗೈಗೆ ತಾಗಿ ಪಕ್ಕದ ಗುಂಡಿಗೆ ಹತ್ತಿದರೆ ಯಂತ್ರ ಅದನ್ನೂ ಉತ್ತರವೆಂದೇ ಓದೀತು.

ದೊಡ್ಡವರಿಗೂ ಇದೇ ಪಾಠ. ಕೆಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 60 ಪ್ರಶ್ನೆ, ಅಲ್ಲೂ ನೀಲಿ ಇಲ್ಲವೆ ಕಪ್ಪು ಬಾಲ್ ಪೆನ್ನು. ನೀಟ್‌ನಲ್ಲಿ ನಿಮ್ಮ ಪೆನ್ನು ಒಳಗೇ ಬರುವುದಿಲ್ಲ, ಕೇಂದ್ರದಲ್ಲಿ ಕೊಟ್ಟದ್ದರಲ್ಲೇ ತುಂಬಬೇಕು. ನೀಟ್ ಬರೆಯುವವರು ಮನೆಯಲ್ಲಿ ತಮ್ಮ ಮೆಚ್ಚಿನ ಪೆನ್ನಿನಲ್ಲಿ ಅಭ್ಯಾಸ ಮಾಡುವುದು ಬಿಡಲಿ. ಅಂಗಡಿಯ ಅತಿ ಅಗ್ಗದ ಕಪ್ಪು ಬಾಲ್ ಪೆನ್ನು ಕೊಂಡು, ಮಾದರಿ ಪರೀಕ್ಷೆಗಳನ್ನೆಲ್ಲ ಅದರಲ್ಲೇ ಬರೆಯಲಿ. ಯಾವ ಪೆನ್ನು ಕೊಟ್ಟರೂ ನಡೆಯುವಂತೆ ಕೈ ಪಳಗಬೇಕು.

5. ಎಸ್ಸೆಸ್ಸೆಲ್ಸಿಗೆ ಹೊಸ ಪೆನ್ನು ಒಯ್ಯಬೇಡಿ.

ಹೊಸ ಪೆನ್ನು ಒಂದೆರಡು ಪುಟ ಓಡಿದ ಮೇಲೆಯೇ ಹದಕ್ಕೆ ಬರುವುದು. ಮನೆಯಲ್ಲಿ ಓಡಿಸಿದ, ಒಂದೇ ಜಾತಿಯ, ಒಂದೇ ಬಣ್ಣದ ಮೂರು ಪೆನ್ನು ಸಾಕು. ಚಿತ್ರಕ್ಕೆ ಪೆನ್ಸಿಲ್ ಎರಡು, ಎರಡೂ ಕೆತ್ತಿದ್ದು. ಪ್ರಶ್ನೆಪತ್ರಿಕೆ ಓದಲು ಕೊಡುವ ಮೊದಲ 15 ನಿಮಿಷದಲ್ಲಿ ಪೆನ್ನಿನ ಟೋಪಿ ತೆಗೆಯದೆ ಓದಿ.

6. ಚೆಕ್ಕು, ಬಾಂಡು, ಕರಾರಿಗೆ ನಿಮ್ಮದೇ ಪೆನ್ನು, ಅಳಿಯದ ಮಸಿ.

ಈಗಿನ ಚೆಕ್ಕು ಕಾಗದವಾಗಿ ಊರೂರು ಸುತ್ತುವುದಿಲ್ಲ. ಅದರ ಚಿತ್ರ ತೆಗೆದು ಬ್ಯಾಂಕಿನಿಂದ ಬ್ಯಾಂಕಿಗೆ ಕಳುಹಿಸುತ್ತಾರೆ. ಚಿತ್ರದಲ್ಲಿ ಎದ್ದು ಕಾಣುವ ಕಡುನೀಲಿ ಅಥವಾ ಕಪ್ಪು ಮಸಿ ಬೇಕು. ಕಪ್ಪು ಮಸಿಯನ್ನು ರಿಸರ್ವ್ ಬ್ಯಾಂಕ್ ನಿಷೇಧಿಸಿದೆ ಎಂಬ ಸುದ್ದಿ 2025ರ ಆರಂಭದಲ್ಲಿ ವಾಟ್ಸಾಪಿನಲ್ಲಿ ಹರಿದಾಡಿತು. ಅದು ಸುಳ್ಳು, ಕೇಂದ್ರ ಸರ್ಕಾರದ ಪಿಐಬಿ ಹಾಗೆಂದು ಸ್ಪಷ್ಟಪಡಿಸಿತು. ನಿಜವಾಗಿ ನೆನಪಿಡಬೇಕಾದದ್ದು ಬೇರೆ: ಹೆಸರಿನಲ್ಲಿ, ಮೊತ್ತದಲ್ಲಿ ತಿದ್ದಿದ ಚೆಕ್ಕು ಈ ಪದ್ಧತಿಯಲ್ಲಿ ಪಾಸಾಗುವುದಿಲ್ಲ, ಪಕ್ಕದಲ್ಲಿ ಸಹಿ ಹಾಕಿದರೂ ಅಷ್ಟೇ. ತಪ್ಪಾದರೆ ಅದನ್ನು ರದ್ದು ಮಾಡಿ ಹೊಸ ಚೆಕ್ಕು ಹರಿಯಿರಿ.

ಶಾಖಕ್ಕೆ ಅಳಿಯುವ ಪೆನ್ನುಗಳು ಈಗ ಎಲ್ಲೆಡೆ ಸಿಗುತ್ತವೆ. ಮಕ್ಕಳ ಗಣಿತಕ್ಕೆ ಅವು ಒಳ್ಳೆಯವೇ. ಹಿಂದಿನ ರಬ್ಬರಿನಿಂದ ಉಜ್ಜಿದರೆ ಹುಟ್ಟುವ ಬಿಸಿಗೆ, ಸುಮಾರು 60 ಡಿಗ್ರಿಗೆ, ಅದರ ಮಸಿ ಬಣ್ಣ ಕಳೆದುಕೊಳ್ಳುತ್ತದೆ. ನಮ್ಮ ಏಪ್ರಿಲ್, ಮೇ ಬಿಸಿಲಿನಲ್ಲಿ ನಿಂತ ಕಾರಿನ ಗಾಜಿನ ಹಿಂದೆ ಅಷ್ಟು ಶಾಖ ಹುಟ್ಟುವುದು ದೊಡ್ಡ ಮಾತಲ್ಲ. ಅಲ್ಲಿಟ್ಟ ಕರಾರು ಪತ್ರ ಸಂಜೆಗೆ ಬಿಳಿ ಹಾಳೆಯಾದೀತು. ಮೋಸ ಮಾಡುವವರಿಗೂ ಇಂಥ ಪೆನ್ನು ಅನುಕೂಲ. ಆದ್ದರಿಂದ ಸಹಿ ಹಾಕುವಾಗ ಎದುರಿನವರು ಚಾಚಿದ ಪೆನ್ನು ತೆಗೆದುಕೊಳ್ಳಬೇಡಿ, ಮೊತ್ತವನ್ನು ಅವರ ಪೆನ್ನಿನಲ್ಲಿ ಬರೆಯಲೂ ಬಿಡಬೇಡಿ. ಅಕ್ಷರದಲ್ಲಿ ಮೊತ್ತ ಬರೆದ ಮೇಲೆ ‘ಮಾತ್ರ’ ಎಂದು ಸೇರಿಸಿ, ಉಳಿದ ಜಾಗಕ್ಕೆ ಗೆರೆ ಎಳೆಯಿರಿ. ಅಕ್ಕಪಕ್ಕದ ಹಿರಿಯರು ಬ್ಯಾಂಕಿಗೆ ಹೊರಟರೆ ಅವರ ಕಿಸೆಗೂ ಒಂದು ಒಳ್ಳೆಯ ಬಾಲ್ ಪೆನ್ನು ಸಿಕ್ಕಿಸಿ.

7. ವಿಧಾನ ಪರಿಷತ್ತಿನ ಮತದಾನದಲ್ಲಿ ಕಿಸೆಯ ಪೆನ್ನು ಹೊರತೆಗೆಯಬೇಡಿ.

ಬೆರಳಿಗೆ ಹಚ್ಚುವ ಶಾಯಿ ಎಲ್ಲರಿಗೂ ಗೊತ್ತು. 1962ರಿಂದ ಅದು ತಯಾರಾಗುವುದು ಮೈಸೂರಿನಲ್ಲೇ. ಶಿಕ್ಷಕರು, ಪದವೀಧರರು, ಗ್ರಾಮ ಪಂಚಾಯ್ತಿ ಸದಸ್ಯರು ಮತ ಹಾಕುವ ಪರಿಷತ್ ಚುನಾವಣೆಯಲ್ಲಿ ಮಾತ್ರ ಇನ್ನೊಂದು ಸಾಧನವಿದೆ: ಮತಗಟ್ಟೆಯಲ್ಲಿ ಕೊಡುವ ನೇರಳೆ ಬಣ್ಣದ ಸ್ಕೆಚ್ ಪೆನ್ನು. ಪ್ರಾಶಸ್ತ್ಯವನ್ನು ಅದರಲ್ಲೇ ಅಂಕಿಯಲ್ಲಿ ಬರೆಯಬೇಕು. ಕನ್ನಡ ಅಂಕಿಯೂ ನಡೆಯುತ್ತದೆ. ಸ್ವಂತ ಪೆನ್ನು, ರೈಟ್ ಗುರುತು, ಸಹಿ ಇವು ಮತವನ್ನು ಕುಲಗೆಡಿಸುತ್ತವೆ. ಓದಿದವರೇ ಮತದಾರರಾಗಿರುವ ಕಡೆ ಒಂದು ಮತವೂ ಹೀಗೆ ಹಾಳಾಗಬಾರದು.

8. ಗೋಡೆಯ ಕ್ಯಾಲೆಂಡರಿಗೆ ಪೆನ್ಸಿಲ್ ಕಟ್ಟಿ.

ಹಾಲಿನ ಲೆಕ್ಕ, ಸಿಲಿಂಡರ್ ಹಚ್ಚಿದ ದಿನ, ಆಳಿನ ಪಗಾರ, ಉದ್ರಿ ತಂದದ್ದು ಎಲ್ಲವೂ ಕ್ಯಾಲೆಂಡರಿನ ಚೌಕದೊಳಗೆ. ಗೋಡೆಗೆ ಹಿಡಿದು ಬರೆದರೆ ಬಾಲ್ ಪೆನ್ನು ನಾಲ್ಕು ಅಕ್ಷರಕ್ಕೆ ನಿಂತುಬಿಡುತ್ತದೆ, ಏಕೆಂದರೆ ಮೊನೆ ಮೇಲ್ಮುಖವಾದಾಗ ಮಸಿ ಕೆಳಗಿಳಿಯುವುದಿಲ್ಲ. ಪೆನ್ಸಿಲ್‌ಗೆ ಮೇಲು ಕೆಳಗಿಲ್ಲ. ದಾರ ಕಟ್ಟಿ ನೇತುಹಾಕಿ.

9. ಹೊಲಕ್ಕೂ ಪೆನ್ಸಿಲ್ಲೇ.

ಪೆನ್ಸಿಲ್ಲಿನ ಕಪ್ಪು ಕಡ್ಡಿ ಸೀಸವಲ್ಲ, ಗ್ರಾಫೈಟ್ ಮತ್ತು ಜೇಡಿಮಣ್ಣು. ಗ್ರಾಫೈಟ್ ಎಂದರೆ ಇಂಗಾಲ. ಬಿಸಿಲಿಗೆ ಬಣ್ಣ ಹೋಗದು, ನೀರಿಗೆ ಹರಿಯದು. ಮಾರ್ಕರ್ ‘ಪರ್ಮನೆಂಟ್’ ಎಂದು ಹೇಳಿಕೊಂಡರೂ ತೆರೆದ ಬಿಸಿಲಿನಲ್ಲಿ ಕೆಲವು ತಿಂಗಳಿಗೆ ಮಾಸುತ್ತದೆ.

ಇಂಡಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಬೇರೆ ಪ್ರಯೋಗಾಲಯಕ್ಕೋ ಮಣ್ಣಿನ ಮಾದರಿ ಒಯ್ಯುವಾಗ ಹೆಸರು, ಸರ್ವೆ ನಂಬರ್, ಬೆಳೆ, ತಾರೀಖು ಬರೆದ ಚೀಟಿಯನ್ನು ಚೀಲದೊಳಗೆ ಹಾಕುತ್ತೇವಲ್ಲ, ಅದನ್ನು ಪೆನ್ಸಿಲ್ಲಿನಲ್ಲೇ ಬರೆಯಿರಿ. ಮಣ್ಣಿನ ಹಸಿಗೆ ಜೆಲ್ ಮಸಿ ಹರಡಿದರೆ ನಿಮ್ಮ ಹೊಲದ ವರದಿ ಇನ್ನಾರದೋ ಹೆಸರಿಗೆ ಹೋದೀತು. ಲಿಂಬೆ ಸಸಿ ಮಾಡುವವರು ಸಸಿಗೆ ಕಟ್ಟುವ ಚೀಟಿಗೆ ಒರಟು ಮೈಯ ಪ್ಲಾಸ್ಟಿಕ್ ಪಟ್ಟಿ ತಂದು, ಮೆತ್ತನೆಯ 2ಬಿ ಪೆನ್ಸಿಲ್ಲಿನಿಂದ ಒತ್ತಿ ಬರೆಯಲಿ. ಗಿಡ ಫಲಕ್ಕೆ ಬರಲು ವರ್ಷಗಳು ಬೇಕು. ಯಾವ ತಾಯಿಗಿಡದ ಬೀಜ, ಯಾವ ತಿಂಗಳ ನಾಟಿ ಎಂಬುದು ಅಷ್ಟು ಕಾಲ ಓದಲು ಬರಬೇಕು. ಭೌಗೋಳಿಕ ಸೂಚಿ ಪಡೆದ ಲಿಂಬೆ ನಮ್ಮದು, ಅದರ ದಾಖಲೆಯೂ ಅಷ್ಟೇ ಗಟ್ಟಿಯಾಗಿರಲಿ.

10. ಮಕ್ಕಳ ಪೆನ್ಸಿಲ್ ಕೆಳಗೆ ಬೀಳದಂತೆ ನೋಡಿಕೊಳ್ಳಿ.

ಮೆಂಡರಿಗೆ ಹಾಕಿದಷ್ಟೂ ಮೊನೆ ಮುರಿಯುತ್ತಿದೆ ಎಂದರೆ ಹಲವು ಸಲ ತಪ್ಪು ಮೆಂಡರಿನದಲ್ಲ. ಪೆನ್ಸಿಲ್ ಕಲ್ಲು ಹಾಸಿನ ಮೇಲೆ ಬಿದ್ದಾಗ ಒಳಗಿನ ಕಡ್ಡಿ ಅಲ್ಲಲ್ಲಿ ತುಂಡಾಗಿರುತ್ತದೆ. ಬರೆಯಲು ಎಚ್‌ಬಿ, ಚಿತ್ರಕ್ಕೆ 2ಬಿ. ಕೆಂಪು ಕಪ್ಪು ಗೆರೆಯ ನಟರಾಜ, ಅಪ್ಸರಾ, ಡೋಮ್ಸ್, ಯಾವುದಾದರೂ ಆದೀತು. ಒಂದನೇ ತರಗತಿಯ ಕೂಸಿಗೆ ಮೂರು ಮೂಲೆಯ ದಪ್ಪ ಪೆನ್ಸಿಲ್ ಕೊಟ್ಟರೆ ಬೆರಳು ತಾನಾಗಿ ಸರಿಯಾದ ಜಾಗದಲ್ಲಿ ಕೂರುತ್ತದೆ. ಮಗು ಎಡಗೈಯಲ್ಲಿ ಬರೆದರೆ ಬರೆಯಲಿ, ಕೈ ಬದಲಿಸಬೇಡಿ. ಮುಂದೆ ಅದಕ್ಕೆ ಬೇಗ ಒಣಗುವ ಬಾಲ್ ಪೆನ್ನು ಕೊಡಿಸಿ.

11. ಎರಡು ಮಾರ್ಕರ್, ಎರಡು ಜಾಗ.

ಬಿಳಿ ಹಲಗೆಯ ಮಾರ್ಕರ್ ಶಾಲೆಗೆ ಮತ್ತು ಕೋಚಿಂಗಿಗೆ, ಅಳಿಸದ ಮಾರ್ಕರ್ ಅಂಗಡಿಗೆ ಮತ್ತು ಅಡುಗೆಮನೆಗೆ. ಎರಡನ್ನೂ ಒಂದೇ ಡಬ್ಬಿಯಲ್ಲಿ ಇಡಬೇಡಿ. ಬಿಳಿ ಹಲಗೆಯ ಮೇಲೆ ಕೈತಪ್ಪಿ ಅಳಿಸದ ಮಾರ್ಕರಿನಿಂದ ಬರೆದಿದ್ದರೆ ಅದೇ ಅಕ್ಷರದ ಮೇಲೆ ಹಲಗೆಯ ಮಾರ್ಕರ್ ಎಳೆದು ತಕ್ಷಣ ಒರೆಸಿ. ಹೊಸ ಮಸಿ ಹಳೆಯದನ್ನು ಕರಗಿಸಿಕೊಂಡು ಬರುತ್ತದೆ. ಮನೆಯಲ್ಲಿ ಉಪ್ಪಿನಕಾಯಿ ಜಾಡಿ, ಮಸಾಲೆ ಡಬ್ಬಿ, ಕಣ್ಣಿನ ಔಷಧಿಯ ಸೀಸೆಯ ಮೇಲೆ ತೆರೆದ ತಾರೀಖು ಬರೆದಿಡಿ. ಮಾರ್ಕರನ್ನು ಮಲಗಿಸಿ ಇಡಬೇಕು. ಮೊನೆ ಮೇಲಾಗಿ ನಿಲ್ಲಿಸಿದರೆ ಬೇಗ ಒಣಗುತ್ತದೆ. ಟೋಪಿ ‘ಟಿಕ್’ ಎನ್ನುವವರೆಗೆ ಒತ್ತಿ.

12. ಶಾಯಿ ಪೆನ್ನು ಪ್ರೀತಿಸುವವರು ವಾರಕ್ಕೊಮ್ಮೆ ತೊಳೆಯಿರಿ.

ತಣ್ಣೀರು ಸಾಕು, ಸೋಪು ಬೇಡ. ಅರ್ಧ ತುಂಬಿದ ಪೆನ್ನು ಕಿಸೆಯಲ್ಲಿಟ್ಟು ಮಧ್ಯಾಹ್ನದ ಬಸ್ಸಿನಲ್ಲಿ ಹೊರಟರೆ ಒಳಗಿನ ಗಾಳಿ ಕಾದು ಹಿಗ್ಗಿ ಶಾಯಿಯನ್ನು ಹೊರದೂಡುತ್ತದೆ. ಪೂರ್ತಿ ತುಂಬಿ ಇಲ್ಲವೆ ಪೂರ್ತಿ ಖಾಲಿ ಮಾಡಿ, ಮೊನೆ ಮೇಲಿರಲಿ. ತೊಳೆದರೆ ಹೋಗುವ ರಾಯಲ್ ಬ್ಲೂ ಶಾಯಿ ಪತ್ರಕ್ಕೆ ಚಂದ, ದಾಖಲೆಗೆ ಸಲ್ಲದು.

13. ಒಂದು ಪೆನ್ನು, ಒಂದು ಸಣ್ಣ ವಹಿ ಸದಾ ಮೈಮೇಲಿರಲಿ.

ಈ ಸೂತ್ರಕ್ಕೆ ನಮ್ಮ ಸೀಮೆಯಲ್ಲೇ ದೊಡ್ಡ ಸಾಕ್ಷಿ ಇದೆ. ಆಗ ಇಂಡಿ ತಾಲ್ಲೂಕಿಗೆ ಸೇರಿದ್ದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಎಂಬ ಗೆಳೆಯರ ಗುಂಪಿತ್ತು. ಬೀಸುವಾಗ, ಕುಟ್ಟುವಾಗ, ತೊಟ್ಟಿಲು ತೂಗುವಾಗ ಹೆಂಗಸರು ಹಾಡುತ್ತಿದ್ದ ತ್ರಿಪದಿಗಳು ಹಾಡುವವರ ಬಾಯಲ್ಲಿ ಮಾತ್ರ ಇದ್ದವು. ಈ ಗೆಳೆಯರು ಕೇಳಿದರು, ಬರೆದುಕೊಂಡರು. 1931ರಲ್ಲಿ ಅದು ‘ಗರತಿಯ ಹಾಡು’ ಎಂಬ ಪುಸ್ತಕವಾಗಿ ಬಂತು. ಹಿಂದೆಯೇ ‘ಜೀವನ ಸಂಗೀತ’, ‘ಮಲ್ಲಿಗೆ ದಂಡೆ’ ಬಂದವು. ಧ್ವನಿ ಹಿಡಿಯುವ ಯಂತ್ರ ಹಳ್ಳಿಗೆ ಬಾರದ ಕಾಲ. ಕೈಗೆ ಸಿಕ್ಕ ಲೇಖನಿ, ಎದುರಿಗೆ ಒಂದು ಹಾಳೆ, ಕೇಳುವ ತಾಳ್ಮೆ ಇಷ್ಟರಿಂದ ಕನ್ನಡಕ್ಕೆ ಜಾನಪದದ ಒಂದು ಭಂಡಾರವೇ ಉಳಿಯಿತು. ಅದೇ ಕಾಲದಲ್ಲಿ ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ತಾಳೆಗರಿಯ ಕಟ್ಟುಗಳನ್ನು ಹುಡುಕಿ ತಂದು ವಚನಗಳನ್ನು ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ ಹೊರತಂದರು.

ನೀವು ಜಾನಪದವನ್ನೇ ಬರೆಯಬೇಕೆಂದಿಲ್ಲ. ಸಂತೆಯಲ್ಲಿ ಕೇಳಿದ ದರ, ಕಚೇರಿಯಲ್ಲಿ ಉತಾರದ ಬಗ್ಗೆ ಅಧಿಕಾರಿ ಹೇಳಿದ ಅರ್ಜಿ ಸಂಖ್ಯೆ, ವೈದ್ಯರು ಹೇಳಿದ ಪಥ್ಯ, ಅಜ್ಜಿ ಹೇಳಿದ ಮದ್ದು ಬರೆದುಕೊಳ್ಳಿ. ಮೊಬೈಲ್ ಇದೆಯಲ್ಲ ಎನ್ನುವವರು ಹೊಲದಲ್ಲಿ ಮಣ್ಣಿನ ಕೈಯಲ್ಲಿ, ಬಿಸಿಲಿನ ಬೆಳಕಿಗೆ ಪರದೆ ಕಾಣದಿರುವಾಗ ಒಂದು ಸಂಖ್ಯೆ ಒತ್ತಿ ನೋಡಲಿ. ಕಿಸೆಗೆ ಹಿಡಿಸುವ ವಹಿ, ಟೋಪಿ ಕಳೆಯದ ಒತ್ತುಗುಂಡಿಯ ಬಾಲ್ ಪೆನ್ನು ಸಾಕು. ದಿನ, ಊರು, ಹೇಳಿದವರ ಹೆಸರು ಪ್ರತಿ ಟಿಪ್ಪಣಿಯ ಮೇಲೂ ಇರಲಿ.

14. ಖಂಡೆ ಪೂಜೆಗೆ ಪೆನ್ನಿನ ಡಬ್ಬಿ ಸುರುವಿ.

ನವರಾತ್ರಿಯಲ್ಲಿ ಆಯುಧದ ಜತೆ ಪುಸ್ತಕ, ಪೆನ್ನೂ ಪೂಜೆಗೆ ಕೂರುವ ಮನೆಗಳು ನಮ್ಮಲ್ಲಿ ಬಹಳ. ಅದರ ಹಿಂದಿನ ದಿನ ಮನೆಯ ಪೆನ್ನುಗಳನ್ನೆಲ್ಲ ಒಂದು ಹಾಳೆಯ ಮೇಲೆ ಓಡಿಸಿ ನೋಡಿ. ನಿಂತುಹೋದ ಬಾಲ್ ಪೆನ್ನಿನ ಮೊನೆಯನ್ನು ರಬ್ಬರಿನ ಮೇಲೆ ಉಜ್ಜಿ, ಕಡ್ಡಿಯನ್ನು ಎರಡು ಅಂಗೈ ನಡುವೆ ತಿಕ್ಕಿ ಬೆಚ್ಚಗೆ ಮಾಡಿ. ಎಷ್ಟೋ ಪೆನ್ನು ಮತ್ತೆ ಓಡುತ್ತವೆ. ಕಡ್ಡಿಪೆಟ್ಟಿಗೆ ಗೀರಿ ಸುಡಬೇಡಿ, ಪ್ಲಾಸ್ಟಿಕ್ ಕರಗಿ ಕೈಗೆ ಹತ್ತುತ್ತದೆ. ಒಳ್ಳೆಯ ಮೈಯ ಪೆನ್ನಿಗೆ ರೀಫಿಲ್ ಮಾತ್ರ ತನ್ನಿ. ರೀಫಿಲ್ಲಿನ ಉದ್ದ, ದಪ್ಪ ಒಂದೊಂದಕ್ಕೆ ಒಂದೊಂದು ತೆರ, ಅದಕ್ಕೆ ಹಳೆಯದನ್ನು ಅಂಗಡಿಗೆ ಒಯ್ದು ಪಕ್ಕದಲ್ಲಿಟ್ಟು ಅಳೆದು ತರಬೇಕು. ಚಿಕ್ಕ ಮಕ್ಕಳಿರುವ ಮನೆಯವರು ಟೋಪಿಯ ತುದಿಯಲ್ಲಿ ತೂತು ಇರುವ ಪೆನ್ನನ್ನೇ ಕೊಳ್ಳಿ: ಮಗು ಟೋಪಿ ನುಂಗಿ ಗಂಟಲಲ್ಲಿ ಸಿಕ್ಕಿಕೊಂಡರೂ ಗಾಳಿ ಆಡಲಿ ಎಂದೇ ಆ ತೂತು.

ಮನೆಗೆ ಬೇಕಾದಷ್ಟು ಇಟ್ಟುಕೊಂಡು ಉಳಿದ ಓಡುವ ಪೆನ್ನು ಪೆನ್ಸಿಲ್ಲುಗಳನ್ನು ಓಣಿಯ ಶಾಲೆಗೆ ಕೊಡಿ. ಓದುವವರಿಗೆ ಅನುಕೂಲ ಮಾಡಿಕೊಡುವುದು ಈ ನೆಲಕ್ಕೆ ಹೊಸತಲ್ಲ. ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೇ ಕೃಷ್ಣನ ಮಂತ್ರಿ ನಾರಾಯಣ ಕಟ್ಟಿಸಿದ ವಿದ್ಯಾಶಾಲೆಯ ವಿದ್ಯಾರ್ಥಿಗಳಿಗೆ 27 ಮನೆಗಳಿದ್ದವೆಂದು 945ರ ಶಾಸನ ಹೇಳುತ್ತದೆ. ಇಂದು ಹತ್ತು ಪೆನ್ಸಿಲ್ಲಿನ ಒಂದು ಡಬ್ಬಿ ಕೊಡಲು ಮಂತ್ರಿಯಾಗಬೇಕಿಲ್ಲ. ಕೊಡುವಾಗ ಎಚ್‌ಬಿ ಪೆನ್ಸಿಲ್ಲೇ ಕೊಡಿ, ಜತೆಗೊಂದು ಮೆಂಡರ್ ಇರಲಿ.